ಇಮೇಲ್ ಮೆನು ಗೊಂದಲವೇ? ಹೀಗೆ ವರದಿ ಮಾಡಿ

ಚೆನ್ನೈನ ವೇಲಚೇರಿಗೂ ಇಮೇಲ್‌ಗೂ ಹಳೆಯ ನಂಟು. ಈಗ ಜೋಹೊ ಎಂದು ಹೆಸರಾಗಿರುವ ಕಂಪನಿ ಅಡ್ವೆಂಟ್‌ನೆಟ್ ಆಗಿದ್ದಾಗ ಅದರ ಅಭಿವೃದ್ಧಿ ಕೇಂದ್ರ ಇದ್ದದ್ದು ಇಲ್ಲೇ. ಅದರ ಜೋಹೊ ಮೇಲ್ 2008ರ ಅಕ್ಟೋಬರ್‌ನಲ್ಲಿ ಬೀಟಾ ರೂಪದಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. ಬೀಟಾ ಎಂದರೆ ಬಳಸಲು ಬರುವಷ್ಟು ಸಿದ್ಧವಾಗಿದ್ದರೂ ಇನ್ನೂ ಪರೀಕ್ಷೆಯಲ್ಲಿರುವ ಆವೃತ್ತಿ. ಕಂಪನಿಯ ಹೊರಗಿನವರು ಬಳಸಿ ನೋಡಿ, ಎಡವಿದ್ದು ಎಲ್ಲಿ ಎಂದು ಹೇಳಲಿ ಎಂಬುದೇ ಅದರ ಉದ್ದೇಶ.

ಹಾಗೆ ಹೇಳಿದ್ದರಿಂದ ಮೆನು ಬದಲಾದ ಉದಾಹರಣೆಗಳಿವೆ. 2004ರ ಏಪ್ರಿಲ್ 1ರಂದು ಬಂದ ಜಿಮೇಲ್‌ನಲ್ಲಿ ಪತ್ರ ಅಳಿಸಲು ನೇರವಾದ ಬಟನ್ನೇ ಇರಲಿಲ್ಲ. ಕಣ್ಣಿಗೆ ಬೀಳುತ್ತಿದ್ದುದು ‘ಆರ್ಕೈವ್’. ಅಳಿಸಬೇಕಾದರೆ ‘ಮೋರ್ ಆ್ಯಕ್ಷನ್ಸ್’ ಮೆನು ತೆರೆದು, ಅದರೊಳಗಿನ ‘ಮೂವ್ ಟು ಟ್ರ್ಯಾಶ್’ ಹುಡುಕಬೇಕಿತ್ತು. 1 ಜಿಬಿ ಜಾಗ ಕೊಟ್ಟ ಮೇಲೆ ಅಳಿಸುವುದೇಕೆ ಎಂಬುದು ತಯಾರಕರ ಲೆಕ್ಕಾಚಾರ. ಬಳಕೆದಾರರು ಒಪ್ಪಲಿಲ್ಲ, ಕೇಳುತ್ತಲೇ ಇದ್ದರು. 2006ರ ಜನವರಿಯಲ್ಲಿ ‘ಡಿಲೀಟ್’ ಬಟನ್ ಬಂತು. ಒಂದೇ ವಿಷಯದ ಪತ್ರಗಳನ್ನು ಸರಣಿಯಾಗಿ ಜೋಡಿಸಿ ತೋರಿಸುವುದು ಬೇಡ ಎನ್ನುವವರಿಗೆ ಅದನ್ನು ನಿಲ್ಲಿಸುವ ಆಯ್ಕೆ ಸಿಗಲು 2010ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು.

ಆ್ಯಪ್ ತೆರೆಯದೇ ಮುಚ್ಚಿಹೋದರೆ ಅದು ದೋಷವೆಂದು ಎಲ್ಲರೂ ಒಪ್ಪುತ್ತಾರೆ. ಮೆನುವಿನ ಗೊಂದಲದ ಕಥೆಯೇ ಬೇರೆ. ಅಲ್ಲಿ ಸಾಫ್ಟ್‌ವೇರ್ ಬರೆದವರು ಅಂದುಕೊಂಡಂತೆಯೇ ಕೆಲಸ ಮಾಡುತ್ತಿರುತ್ತದೆ. ‘ಈ ಮೆನು ಅರ್ಥವಾಗುತ್ತಿಲ್ಲ’ ಎಂದಷ್ಟೇ ಬರೆದರೆ ‘ಅದು ಇರುವುದೇ ಹಾಗೆ’ ಎಂಬ ಉತ್ತರ ಬಂದು ದೂರು ಮುಚ್ಚಿಹೋಗುತ್ತದೆ. ಹಾಗಾಗದಂತೆ ವರದಿ ಬರೆಯುವುದು ಹೀಗೆ.

1. ಬೀಟಾ ಸೇರಿಕೊಳ್ಳಿ

ಆಂಡ್ರಾಯ್ಡ್ ಫೋನಿನಲ್ಲಿ ಪ್ಲೇ ಸ್ಟೋರ್ ತೆರೆದು, ಆ್ಯಪ್‌ನ ಪುಟದಲ್ಲಿ ಕೆಳಕ್ಕೆ ಸರಿಯಿರಿ. ತಯಾರಕರು ಅವಕಾಶ ಕೊಟ್ಟಿದ್ದರೆ ಬೀಟಾ ಸೇರುವ ಆಯ್ಕೆ ಅಲ್ಲೇ ಕಾಣುತ್ತದೆ. ಐಫೋನ್‌ನಲ್ಲಿ ಆ್ಯಪಲ್‌ನ ಟೆಸ್ಟ್‌ಫ್ಲೈಟ್ ಆ್ಯಪ್ ಹಾಕಿಕೊಂಡು, ತಯಾರಕರು ಕಳುಹಿಸಿದ ಕೊಂಡಿಯಿಂದ ಸೇರಬೇಕು. ಅಲ್ಲಿ ಒಂದು ಆ್ಯಪ್‌ಗೆ ಹೊರಗಿನ ಪರೀಕ್ಷಕರು 10,000 ಮಂದಿ ಮಾತ್ರ. ಪ್ರತಿ ಆವೃತ್ತಿಯ ಆಯುಸ್ಸು 90 ದಿನ. ಕಂಪ್ಯೂಟರಿಗಾದರೆ ಥಂಡರ್‌ಬರ್ಡ್ ಎಂಬ ಇಮೇಲ್ ಸಾಫ್ಟ್‌ವೇರ್‌ನ ಬೀಟಾ ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

2. ಮುಖ್ಯ ಖಾತೆಯನ್ನು ದೂರವಿಡಿ

ಬ್ಯಾಂಕ್, ಕಚೇರಿ, ಆಧಾರ್ ಪತ್ರಗಳು ಬರುವ ಖಾತೆಯಲ್ಲಿ ಪ್ರಯೋಗ ಬೇಡ. ಬೇರೊಂದು ಖಾತೆ ತೆರೆದು ಅದರಲ್ಲಿ ನೋಡಿ. ಥಂಡರ್‌ಬರ್ಡ್‌ನಲ್ಲಿ ಪ್ರತ್ಯೇಕ ಪ್ರೊಫೈಲ್ ಮಾಡಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಿರಿ. ಹೊಸ ಆವೃತ್ತಿ ಒಮ್ಮೆ ತೆರೆದ ಪ್ರೊಫೈಲನ್ನು ಹಳೆಯ ಆವೃತ್ತಿ ಸುಲಭಕ್ಕೆ ತೆರೆಯುವುದಿಲ್ಲ.

3. ಮತ್ತೊಮ್ಮೆ ಮಾಡಿ ನೋಡಿ

ಅದೇ ಆಯ್ಕೆಯನ್ನು ಇನ್ನೊಂದು ಪತ್ರದ ಮೇಲೆ ಒತ್ತಿ. ಸೆಟ್ಟಿಂಗ್ಸ್‌ನಲ್ಲಿ ಏನಾದರೂ ಬದಲಾಗಿದೆಯೇ ನೋಡಿ. ಉದಾಹರಣೆಗೆ, ಜಿಮೇಲ್ ಆ್ಯಪ್‌ನಲ್ಲಿ ಪತ್ರವನ್ನು ಪಕ್ಕಕ್ಕೆ ಸರಿಸಿದರೆ ಏನಾಗಬೇಕೆಂಬುದನ್ನು ಅಲ್ಲಿ ಬದಲಾಯಿಸಿಕೊಳ್ಳಬಹುದು. ‘ಪತ್ರವೇ ಮಾಯವಾಯಿತು’ ಎಂದು ಹುಡುಕುವವರ ಪತ್ರ ಎಷ್ಟೋ ಸಲ ಆರ್ಕೈವ್ ಆಗಿರುತ್ತದೆ. ಅಂಥ ಪತ್ರ ಅಳಿಸಿಹೋಗಿರುವುದಿಲ್ಲ. ಇನ್‌ಬಾಕ್ಸ್‌ನಿಂದ ಹೊರಬಿದ್ದು ‘ಆಲ್ ಮೇಲ್’ನಲ್ಲಿರುತ್ತದೆ. ಟ್ರ್ಯಾಶ್‌ಗೆ ಹೋದದ್ದು ಮಾತ್ರ 30 ದಿನಗಳ ನಂತರ ಶಾಶ್ವತವಾಗಿ ಅಳಿಯುತ್ತದೆ. ಇಷ್ಟು ತಿಳಿದ ಮೇಲೂ ಮೆನು ದಾರಿ ತಪ್ಪಿಸುತ್ತಿದೆ ಅನಿಸಿದರೆ ವರದಿಗೆ ಕೈಹಾಕಿ.

4. ವಿವರ ಬರೆದಿಟ್ಟುಕೊಳ್ಳಿ

ಆ್ಯಪ್‌ನ ಆವೃತ್ತಿ ಸಂಖ್ಯೆ, ಫೋನಿನ ಮಾದರಿ, ಆಂಡ್ರಾಯ್ಡ್ ಅಥವಾ ಐಒಎಸ್ ಆವೃತ್ತಿ, ಮೆನು ಯಾವ ಭಾಷೆಯಲ್ಲಿದೆ ಎಂಬುದು: ಈ ನಾಲ್ಕೂ ಇರಲಿ. ಆಯ್ಕೆಯ ಹೆಸರು ಪರದೆಯಲ್ಲಿ ಇರುವಂತೆಯೇ ಅಕ್ಷರ ಬಿಡದೆ ಬರೆಯಿರಿ. ಅಲ್ಲಿಗೆ ತಲುಪಿದ ದಾರಿಯನ್ನೂ ಹೇಳಿ: ಪತ್ರ ತೆರೆದೆ, ಮೇಲಿನ ಮೂರು ಚುಕ್ಕಿ ಒತ್ತಿದೆ, ಎರಡನೇ ಸಾಲು ಆರಿಸಿದೆ, ಹೀಗೆ.

5. ಮೂರು ಸಾಲಿನಲ್ಲಿ ವಿಷಯ ಹೇಳಿ

ವರದಿಯ ಜೀವಾಳ ಇದೇ. ಏನು ಮಾಡಲು ಹೊರಟಿದ್ದಿರಿ, ಆ ಆಯ್ಕೆ ಒತ್ತಿದರೆ ಏನಾಗುತ್ತದೆ ಅಂದುಕೊಂಡಿದ್ದಿರಿ, ನಿಜಕ್ಕೂ ಆದದ್ದೇನು. ಒಂದು ಮಾದರಿ ನೋಡಿ:

*ಶೀರ್ಷಿಕೆ:* ‘ಬ್ಲಾಕ್’ ಒತ್ತಿದ ಮೇಲೂ ಅದೇ ಕಂಪನಿಯ ಪತ್ರ ಸ್ಪ್ಯಾಮ್‌ನಲ್ಲಿ ಕಾಣುತ್ತಿದೆ
*ಉದ್ದೇಶ:* ಜಾಹೀರಾತು ಪತ್ರ ಬರುವುದೇ ನಿಲ್ಲಬೇಕಿತ್ತು.
*ನಿರೀಕ್ಷೆ:* ‘ಬ್ಲಾಕ್’ ಒತ್ತಿದರೆ ಇನ್ನು ಮುಂದೆ ಪತ್ರ ಬರುವುದಿಲ್ಲ ಅಂದುಕೊಂಡೆ.
*ಆದದ್ದು:* ಪತ್ರ ಬರುತ್ತಲೇ ಇದೆ. ಇನ್‌ಬಾಕ್ಸ್ ಬದಲು ಸ್ಪ್ಯಾಮ್‌ಗೆ ಬೀಳುತ್ತಿದೆ. ಹಾಗಾಗುತ್ತದೆಂದು ಒತ್ತುವ ಮೊದಲು ಎಲ್ಲೂ ಹೇಳಿರಲಿಲ್ಲ.

‘ಅನ್‌ಸಬ್‌ಸ್ಕ್ರೈಬ್’, ‘ಬ್ಲಾಕ್’, ‘ರಿಪೋರ್ಟ್ ಸ್ಪ್ಯಾಮ್’ ಮೂರೂ ಒಂದೇ ಎಂದು ನಂಬಿದವರು ಬಹಳ. ಮೊದಲನೆಯದು ಕಳುಹಿಸುವವರ ಪಟ್ಟಿಯಿಂದ ನಿಮ್ಮ ಹೆಸರು ತೆಗೆಯಲು ಕೇಳುತ್ತದೆ. ಎರಡನೆಯದು ಆ ವಿಳಾಸದ ಮುಂದಿನ ಪತ್ರಗಳನ್ನು ಬದಿಗೆ ತಳ್ಳುತ್ತದೆ. ಮೂರನೆಯದು ಇದು ಕಸ ಎಂದು ಸೇವೆ ನೀಡುವ ಕಂಪನಿಗೆ ತಿಳಿಸುತ್ತದೆ. ಮೇಲಿನ ಮಾದರಿಯಲ್ಲಿ ಬೈಗುಳವಿಲ್ಲ, ಊಹೆಯಿಲ್ಲ. ಆದರೂ ಬಟನ್ನಿನ ಹೆಸರು ಹುಟ್ಟಿಸಿದ ನಿರೀಕ್ಷೆಗೂ ಅದು ಮಾಡಿದ ಕೆಲಸಕ್ಕೂ ಇರುವ ಅಂತರ ಓದಿದವರಿಗೆ ತಕ್ಷಣ ಹೊಳೆಯುತ್ತದೆ.

6. ಚಿತ್ರ ಸೇರಿಸಿ, ಗುಟ್ಟು ಮುಚ್ಚಿ

ಒತ್ತುವ ಮುನ್ನದ್ದೊಂದು, ನಂತರದ್ದೊಂದು ಸ್ಕ್ರೀನ್‌ಶಾಟ್ ಸಾಕು. ಇಮೇಲ್ ವಿಳಾಸ, ಫೋನ್ ನಂಬರ್, ಒಟಿಪಿ ಇದ್ದರೆ ಕಪ್ಪು ಚೌಕದಿಂದ ಪೂರ್ತಿ ಮುಚ್ಚಿ. ಮಾರ್ಕರ್‌ನಲ್ಲಿ ತೆಳ್ಳಗೆ ಗೀಚಿದರೆ ಅಕ್ಷರ ಹಿಂದಿನಿಂದ ಇಣುಕುವುದುಂಟು. ಕಳುಹಿಸುವ ಪುಟದಲ್ಲಿ ‘ಸಿಸ್ಟಮ್ ಲಾಗ್’ ಸೇರಿಸುವ ಗುರುತಿದ್ದರೆ ಅದರಲ್ಲಿ ಏನೇನು ಹೋಗುತ್ತದೆಂದು ನೋಡಿಯೇ ಒಪ್ಪಿ.

7. ಸರಿಯಾದ ಬಾಗಿಲು ತಟ್ಟಿ

ಪ್ಲೇ ಸ್ಟೋರ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಸಿಟ್ಟು ತೀರಿಸಿಕೊಂಡರೆ ಪ್ರಯೋಜನ ಕಡಿಮೆ. ಜಿಮೇಲ್‌ನಲ್ಲಿ ಸಹಾಯ ವಿಭಾಗದೊಳಗೆ ಪ್ರತಿಕ್ರಿಯೆ ಕಳುಹಿಸುವ ಆಯ್ಕೆಯಿದೆ. ಟೆಸ್ಟ್‌ಫ್ಲೈಟ್ ಆವೃತ್ತಿಯಲ್ಲಿ ಸ್ಕ್ರೀನ್‌ಶಾಟ್ ತೆಗೆದಲ್ಲಿಂದಲೇ ಟಿಪ್ಪಣಿ ಕಳುಹಿಸಬಹುದು. ಥಂಡರ್‌ಬರ್ಡ್‌ಗೆ ಮೊಜಿಲ್ಲಾದ ಬಗ್‌ಜಿಲ್ಲಾ ಎಂಬ ದೂರು ದಾಖಲಿಸುವ ತಾಣ ಇದೆ. ಅಲ್ಲಿ ಮೊದಲು ಹುಡುಕಿ. ನಿಮ್ಮದೇ ದೂರು ಈಗಾಗಲೇ ಇದ್ದರೆ ಹೊಸದು ತೆರೆಯದೆ, ಅದರಲ್ಲಿಲ್ಲದ ವಿವರವನ್ನಷ್ಟೇ ಸೇರಿಸಿ. ಒಂದು ವರದಿಗೆ ಒಂದೇ ವಿಷಯ. ನಾಲ್ಕು ದೂರು ಒಟ್ಟಿಗೆ ತುರುಕಿದರೆ ಮೂರು ಕಳೆದುಹೋಗುತ್ತವೆ.

8. ಸಲಹೆ ಕೊನೆಗಿರಲಿ

‘ಹೆಸರು ಬದಲಿಸಿ’, ‘ಒತ್ತುವ ಮೊದಲು ಒಂದು ಸಾಲು ಸೂಚನೆ ಕೊಡಿ’ ಎಂಬಂಥ ಸಲಹೆಗಳನ್ನು ವರದಿಯ ಕೊನೆಯಲ್ಲಿ, ಬೇರೆಯಾಗಿ ಬರೆಯಿರಿ. ಪರಿಹಾರ ಹತ್ತು ಬಗೆಯಲ್ಲಿ ಸಿಗಬಹುದು. ನೀವು ಎಲ್ಲಿ ಎಡವಿದಿರಿ ಎಂಬುದನ್ನು ನೀವಷ್ಟೇ ಹೇಳಬಲ್ಲಿರಿ.

9. ಬೆನ್ನು ಹತ್ತಿ

ಮರುಪ್ರಶ್ನೆ ಬಂದರೆ ಉತ್ತರಿಸಿ. ಹೊಸ ಆವೃತ್ತಿ ಬಂದಾಗ ಅದೇ ಮೆನು ತೆರೆದು, ಸರಿಯಾಗಿದ್ದರೆ ಸರಿಯಾಗಿದೆ ಎಂದೂ ತಿಳಿಸಿ. ‘ಇರುವುದೇ ಹಾಗೆ’ ಎಂಬ ಉತ್ತರ ಬಂದರೆ ಜಗಳ ಬೇಡ. ಆ ಆಯ್ಕೆಯನ್ನು ಮೊದಲ ಬಾರಿ ನೋಡುವ ಮನೆಯವರ ಕೈಗೆ ಫೋನ್ ಕೊಟ್ಟು, ಇದನ್ನು ಒತ್ತಿದರೆ ಏನಾಗುತ್ತದೆ ಅನಿಸುತ್ತದೆ ಎಂದು ಕೇಳಿ. ಅವರ ಉತ್ತರವನ್ನು ಸೇರಿಸಿ ಕಳುಹಿಸಿ.

2025ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಸಚಿವ ಅಮಿತ್ ಶಾ ತಾವು ಜೋಹೊ ಮೇಲ್‌ಗೆ ಬದಲಾದುದನ್ನು ತಿಳಿಸಿದ ಮೇಲೆ ಇಮೇಲ್ ಸೇವೆ ಬದಲಿಸುವ ಮಾತು ಮನೆಮನೆಗೂ ಬಂದಿದೆ. ನೀವೂ ಹೊಸ ಸೇವೆಗೆ ಹೋಗುವವರಾದರೆ ಒಂದು ಮಾತು ನೆನಪಿಡಿ: ಗೊಂದಲ ಚೆನ್ನಾಗಿ ಕಾಣುವುದು ಮೊದಲ ಕೆಲವು ದಿನ ಮಾತ್ರ, ಆಮೇಲೆ ಕೈ ತಾನಾಗಿ ಒಗ್ಗಿಕೊಳ್ಳುತ್ತದೆ. ಅದಕ್ಕೂ ಮೊದಲೇ ವರದಿ ಬರೆದು ಕಳುಹಿಸಿ.