ದಾನಪತ್ರ ಬರೆದುಕೊಟ್ಟ ತಾಯಿಗೆ ಕಾನೂನಿನ ಆಸರೆ

ಶಿರಾ ತಾಲ್ಲೂಕಿನ ತಾವರೆಕೆರೆಯ ತಾಯಿಯೊಬ್ಬರು, ಜಮೀನನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟ ಮೇಲೆ ಊಟ, ಔಷಧಿಗೂ ಪರದಾಡುವಂತಾಗಿದೆಯೆಂದು ತಿಳಿಸಿ, ಇಲಾಖೆ ನೆರವಾಗುವುದೇ ಎಂದು ಕೇಳಿದ್ದಾರೆ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಿಂದ ಮಾರ್ಗದರ್ಶನ ದೊರೆಯುತ್ತದೆ, 14567 ಸಹಾಯವಾಣಿಯೂ ಇದೆ. ಆದರೆ ಮಗನಿಗೆ ಆದೇಶ ನೀಡುವ ಅಧಿಕಾರವಿರುವುದು 2007ರ ಹಿರಿಯ ನಾಗರಿಕರ ಕಾಯ್ದೆಯಡಿ ರಚಿತವಾದ ನ್ಯಾಯಮಂಡಳಿಗೆ, ಅಂದರೆ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯಲ್ಲಿ ಜೀವನಾಂಶದ ಅರ್ಜಿಗಳನ್ನು ವಿಚಾರಿಸುವ ಪೀಠಕ್ಕೆ. ಶಿರಾ ತಾಲ್ಲೂಕು ಮಧುಗಿರಿ ಉಪವಿಭಾಗಕ್ಕೆ ಸೇರಿರುವುದರಿಂದ ಅರ್ಜಿಯನ್ನು ಮಧುಗಿರಿಯಲ್ಲಿ ಸಲ್ಲಿಸಬೇಕು. ತಾಯಿಗೆ ಓಡಾಡಲಾಗದಿದ್ದರೆ ಅವರಿಂದ ಅಧಿಕಾರ ಪಡೆದ ಬೇರೊಬ್ಬರೂ ಸಲ್ಲಿಸಬಹುದು. ಮಂಡಳಿಯು ತಿಂಗಳಿಗೆ ಗರಿಷ್ಠ 10,000 ರೂಪಾಯಿ ಜೀವನಾಂಶ ವಿಧಿಸಬಲ್ಲದು, ನೋಟಿಸ್ ತಲುಪಿದ 90 ದಿನಗಳೊಳಗೆ ಅರ್ಜಿ ಇತ್ಯರ್ಥವಾಗಬೇಕೆಂಬುದು ನಿಯಮ.

ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಉಪನೋಂದಣಾಧಿಕಾರಿ ಕಚೇರಿಯಿಂದ ದಾನಪತ್ರದ ದೃಢೀಕೃತ ನಕಲನ್ನು ಪಡೆದು ಸಾಲು ಸಾಲಾಗಿ ಓದಿಸುವುದು, ಏಕೆಂದರೆ ತಾಯಿಯನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು ಮಗ ಅದನ್ನು ಮುರಿದಿದ್ದರೆ ಇದೇ ಕಾಯ್ದೆಯ 23ನೇ ಕಲಂ ಪ್ರಕಾರ ಪತ್ರವನ್ನೇ ರದ್ದುಪಡಿಸಲು ಕೋರಬಹುದು; ಷರತ್ತು ಕಾಣದಿದ್ದರೆ ಆ ದಾರಿ ಕಠಿಣವಾದರೂ ಜೀವನಾಂಶದ ಹಕ್ಕು ಹಾಗೆಯೇ ಉಳಿಯುತ್ತದೆ. ಹೆತ್ತ ಮಗನ ಮೇಲೆ ಅರ್ಜಿ ಹಾಕುವುದು ಸಂಕಟದ ಕೆಲಸ, ಆದರೆ ನಾಚಬೇಕಾದವರು ತಾಯಿಯಲ್ಲ. ಇನ್ನು ಹಿರಿಯರಿಗೆ ಸಿಗುವ ಸಂಧ್ಯಾ ಸುರಕ್ಷಾ ಪಿಂಚಣಿಯು ಕಂದಾಯ ಇಲಾಖೆಗೆ ಸೇರಿದ್ದಾದ್ದರಿಂದ ಅದಕ್ಕೆ ನಾಡಕಚೇರಿಯಲ್ಲಿ ಪ್ರತ್ಯೇಕ ಅರ್ಜಿ ಕೊಡಬೇಕು.