ಹುಂಜನ ಮೇಲಿನ ಅಪವಾದ

ನನ್ನ ಲೆಕ್ಕದ ಪುಸ್ತಕದಲ್ಲಿ ಕಳೆದ ಶ್ರಾವಣದ ಪುಟವನ್ನು ತೆರೆದಾಗಲೆಲ್ಲ ‘ಹುಂಜ ಮಾರಿದ್ದು, ರೂ. 450’ ಎಂಬ ಜಮೆಯ ಮೇಲೆ ಕಣ್ಣು ಬಿದ್ದು ಮನಸ್ಸು ಕೊಂಚ ಕುಗ್ಗುತ್ತದೆ. ಆ ತಿಂಗಳ ನಷ್ಟವೆಲ್ಲವೂ ಆ ಜಮೆಯಿಂದಲೇ ಮೊದಲಾಯಿತು.

ನಿವೃತ್ತಿಯ ತರುವಾಯ ಹಿತ್ತಲಲ್ಲಿ ಸಾಕಿಕೊಂಡ 14 ಕೋಳಿಗಳು, ಕೆಲವು ನಾಟಿ, ಕೆಲವು ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಯವು, ದಿನಕ್ಕೆ ಆರು ಮೊಟ್ಟೆಯಂತೆ ಕೊಡುತ್ತಿದ್ದು, ಒಂದೊಂದೂ 12 ರೂಪಾಯಿಗೆ ನಮ್ಮ ಬೀದಿಯಲ್ಲಿಯೇ ಮಾರಾಟವಾಗಿ, ಪಿಂಚಣಿಗೆ ಒಂದು ಪುಟ್ಟ ಊರುಗೋಲಾಗಿದ್ದವು. ಮಳೆ ಹಿಡಿದು, ಗೂಡಿನ ಪಕ್ಕದ ಕಲ್ಲುಬಾನಿಯಲ್ಲಿ ನಿಂತ ನೀರಿನಿಂದ ಸೊಳ್ಳೆಗಳೆದ್ದ ಆ ದಿನಗಳಲ್ಲಿ, ಒಂದು ಬೆಳಿಗ್ಗೆ ಎರಡು ಹೇಂಟೆಗಳ ಜುಟ್ಟಿನ ಮೇಲೆ ಹುಣ್ಣುಗಳು ಕಂಡವು. ಹುಂಜ ಜಗಳಗಂಟನೆಂಬುದು ಜಗಜ್ಜಾಹೀರಾಗಿದ್ದುದರಿಂದ, ಇದು ಆತನ ಕೊಕ್ಕಿನ ಪ್ರತಾಪವೆಂದು ಕ್ಷಣಾರ್ಧದಲ್ಲಿ ನಿರ್ಣಯಿಸಿ, 700 ರೂಪಾಯಿ ಬಾಳುವವನನ್ನು ಹಿಂದಿನ ಬೀದಿಯ ಮನೆಯೊಂದಕ್ಕೆ ದಾಟಿಸಿಬಿಟ್ಟೆ.

ಹುಂಜ ಹೋದರೂ ಹುಣ್ಣು ಹೋಗಲಿಲ್ಲ. ನಾಲ್ಕು ದಿನಗಳಲ್ಲಿ ಎರಡಿದ್ದುದು ಐದಾಯಿತು. ಪೇಟೆಯ ಅಂಗಡಿಯವರೊಬ್ಬರು ಕೊಟ್ಟ ಆಂಟಿಬಯಾಟಿಕ್ ಪುಡಿ, ಟಾನಿಕ್‌ಗಳಿಗೆ 640 ರೂಪಾಯಿ ತೆತ್ತು, ಅವನ್ನು ಕುಡಿಯುವ ನೀರಿಗೆ ಬೆರೆಸುತ್ತ ಕುಳಿತಿದ್ದಾಗ ಎದುರು ಮನೆಯ ಅಜ್ಜಿ ಬಂದು, ಒಂದು ಹೇಂಟೆಯನ್ನು ತೊಡೆಯ ಮೇಲಿರಿಸಿಕೊಂಡು, ಸೆರಗಿನಿಂದ ಅದರ ಮುಖವನ್ನೊರೆಸಿ ನೋಡಿ, “ಮೇಷ್ಟ್ರೇ, ಇದು ಕುಕ್ಕಿದ ಗಾಯ ಅಲ್ಲ, ಅಮ್ಮ ಬಂದೈತೆ” ಎಂದರು.

ನಿಜವೇ. ಕುಕ್ಕಿದ ಗಾಯವಾದರೆ ತೊಗಲು ಹರಿದಿರುತ್ತದೆ, ಹಸಿ ರಕ್ತವಿರುತ್ತದೆ, ಸುತ್ತಲಿನ ಪುಕ್ಕ ಕಿತ್ತಿರುತ್ತದೆ. ಇಲ್ಲಿಯಾದರೋ ಜುಟ್ಟಿನಲ್ಲಿ, ಗದ್ದದ ಕೆಳಗೆ ಜೋಲುವ ಕೆಂಪು ತೊಗಲಿನಲ್ಲಿ, ರೆಪ್ಪೆಯಂಚಿನಲ್ಲಿ, ಪುಕ್ಕವಿಲ್ಲದ ಕಡೆಯಲ್ಲೆಲ್ಲ, ನರುಲಿಯಂತೆ ಉಬ್ಬಿ ಕಪ್ಪಾಗಿ ಒಣಗಿದ ಹಕ್ಕಳೆಗಳು ಸಾಸುವೆ ಸಿಡಿದಂತೆ ಕೂತಿದ್ದವು. ಪಶುವೈದ್ಯರೂ ಕೋಳಿ ಸಿಡುಬೆಂದೇ ಹೇಳಿ, ಇದು ಸೊಳ್ಳೆಯಿಂದ ಹರಡುವ ವೈರಾಣುರೋಗವಾದುದರಿಂದ ನನ್ನ 640 ರೂಪಾಯಿಯ ಪುಡಿ ಅದನ್ನು ಮುಟ್ಟಲಾರದೆಂದೂ, ಹುಣ್ಣಿಗೆ ಕೀವು ಸೇರಿದರೆ ಮಾತ್ರ ಅಂತಹ ಔಷಧದ ಮಾತೆಂದೂ, ಅದನ್ನು ಕುಡಿದ ಕೋಳಿಯ ಮೊಟ್ಟೆಯನ್ನು ಕೆಲವು ದಿನ ತಿನ್ನಲೂ ಮಾರಲೂ ಆಗದೆಂದೂ ತಿಳಿಸಿದರು. ದುಡ್ಡು ಕೊಟ್ಟು ಮೊಟ್ಟೆಯನ್ನು ಕಳೆದುಕೊಂಡಂತಾಯಿತು.

ನಿಜವಾದ ಶುಶ್ರೂಷೆಗೆ ತಗಲಿದ ವೆಚ್ಚ 110 ರೂಪಾಯಿ: ಒಂದು ಸೀಸೆ ಪೊವಿಡೋನ್ ಅಯೋಡಿನ್, ಒಂದು ಕಟ್ಟು ಹತ್ತಿ. ರೋಗದ ಕೋಳಿಗಳನ್ನು ಬೇರ್ಪಡಿಸಿ, ನೀರು ಬೆರೆಸಿದ ಅಯೋಡಿನ್ನನ್ನು ಹುಣ್ಣಿಗೆ ಒತ್ತಿ, ಅಂಟಿಕೊಂಡ ಕಣ್ಣುಗಳನ್ನು ಕುದಿಸಿ ಆರಿಸಿದ ಉಪ್ಪುನೀರಿನಿಂದ ತೊಳೆದು, ಕಾಣದವಕ್ಕೆ ನುಚ್ಚಿನ ಗಂಜಿಯನ್ನು ಕೊಕ್ಕಿನ ಬಳಿಗೇ ಹಿಡಿಯುವುದು ನಿತ್ಯಕರ್ಮವಾಯಿತು. ಹಕ್ಕಳೆಯನ್ನು ಮಾತ್ರ ಕೀಳಬಾರದು. ಕಿತ್ತರೆ ರಕ್ತ ಸುರಿಯುವುದಲ್ಲದೆ, ಉದುರಿದ ಚೂರಿನಲ್ಲಿ ವೈರಾಣು ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ. ಮೂರು ವಾರಗಳಲ್ಲಿ ಹೆಚ್ಚಿನವು ಚೇತರಿಸಿಕೊಂಡವು. ಬಾಯೊಳಗೆ ಹಳದಿ ಪೊರೆ ಕಟ್ಟಿದ ಎರಡು ಮಾತ್ರ ಉಸಿರುಗಟ್ಟಿ ಸತ್ತವು.

ದಿನಕ್ಕೆ ಆರು ಮೊಟ್ಟೆ ಒಂದಕ್ಕಿಳಿದು 28 ದಿನ ಹಾಗೆಯೇ ಉಳಿದುದರಿಂದ ಆದ ನಷ್ಟ 1,680 ರೂಪಾಯಿ. ಯಾರ ಕೈಗೂ ಹಣ ಕೊಡದ ಖರ್ಚಾದ್ದರಿಂದ ಇದನ್ನು ಬರೆಯಲು ನಾನು ಮರೆತೇಬಿಟ್ಟಿದ್ದೆ. ಅಷ್ಟರಲ್ಲಿ ಹುಂಜ ಸೇರಿದ ಮನೆಯಲ್ಲಿಯೂ ಹುಣ್ಣು ಕಾಣಿಸಿತು. ರೋಗವನ್ನು ಆತ ಒಯ್ದನೋ, ಬೀದಿಯ ಸೊಳ್ಳೆಗಳು ಒಯ್ದವೋ ನಿರ್ಣಯಿಸುವಂತಿರಲಿಲ್ಲ; 450 ರೂಪಾಯಿಗಳನ್ನು ಹಿಂದಿರುಗಿಸಿದೆ. ಅವರು ಹಣವನ್ನೂ ತೆಗೆದುಕೊಂಡರು, ಹುಂಜನನ್ನೂ ಇಟ್ಟುಕೊಂಡರು, ನಾನು ಕೇಳಲಿಲ್ಲ.

ಈ ರೋಗಕ್ಕೆ ಲಸಿಕೆಯುಂಟೆಂಬುದು ನನಗೆ ಮೊದಲೇ ತಿಳಿದಿತ್ತು. ಆದರೆ ಅದು ನೂರಾರು ಕೋಳಿಗಳಿಗಾಗುವ ಸೀಸೆಯಲ್ಲಿ ಬರುತ್ತದೆ, ಕಲಸಿದ ಮೇಲೆ ಗಂಟೆಯೆರಡರೊಳಗೆ ಮುಗಿಸಬೇಕು. ಹದಿನಾಲ್ಕಕ್ಕಾಗಿ ಅಷ್ಟನ್ನು ಕೊಳ್ಳುವುದು ದುಂದೆಂದು ಕೈಬಿಟ್ಟಿದ್ದೆ. ಈ ಬಾರಿ ಏಳು ಮನೆಯವರು ಕೂಡಿಕೊಂಡು, ಮಂಜುಗಡ್ಡೆಯಲ್ಲಿಟ್ಟು ತಂದ ಸೀಸೆಯನ್ನು ನಮ್ಮ ಜಗುಲಿಯಲ್ಲಿಯೇ ಒಡೆಸಿ, ರೋಗ ತಟ್ಟದ ಕೋಳಿಗಳ ರೆಕ್ಕೆಯ ತೆಳುಪೊರೆಗೆ ಎರಡು ಮೊನೆಯ ಸೂಜಿಯಿಂದ ಚುಚ್ಚಿಸಿದೆವು. ನನ್ನ ಪಾಲಿಗೆ ಬಂದದ್ದು 40 ರೂಪಾಯಿ.

ಎಂಟನೆಯ ದಿನ ಅಜ್ಜಿಯೊಡನೆ ಒಂದೊಂದರ ರೆಕ್ಕೆಯನ್ನೂ ಎತ್ತಿ ನೋಡಿದೆ. ಚುಚ್ಚಿದಲ್ಲಿ ಪುಟ್ಟ ಗಂಟು ಕಟ್ಟಿದ್ದರೆ ಲಸಿಕೆ ಹಿಡಿದಂತೆ. ಎಲ್ಲದರಲ್ಲಿಯೂ ಇತ್ತು, ಬೂದುಬಣ್ಣದ ಹೇಂಟೆಯೊಂದರಲ್ಲಿ ಮಾತ್ರ ಇರಲಿಲ್ಲ. ಸೀಸೆ ಅಂದೇ ಮುಗಿದುಹೋಗಿತ್ತು. ಅಜ್ಜಿ ಮನೆಗೆ ಹೋಗಿ ಹಳೆಯ ಸೊಳ್ಳೆಪರದೆಯ ತುಂಡೊಂದನ್ನು ತಂದರು. ಅದನ್ನು ಆ ಕೋಳಿಯ ಬುಟ್ಟಿಗೆ ಸುತ್ತಿ ಕಟ್ಟಿ, ಕಲ್ಲುಬಾನಿಯನ್ನು ಬೋರಲು ಹಾಕಿದೆವು.