ಯಾವ ಕೋರ್ಸು, ಎಷ್ಟು ಹೊತ್ತು?
(ಸ್ವಸಹಾಯ ಸಂಘಗಳ ತಿಂಗಳ ಸಭೆಗೆ ಪಾಠ)



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಮನೆಯಲ್ಲಿ ಒಂದೇ ಮಾತು: “ಯಾವ ಕಾಲೇಜು? ಯಾವ ಕಾಂಬಿನೇಷನ್?” ಮಾವ ಸೈನ್ಸ್ ಅಂತಾರೆ, ಪಕ್ಕದ ಮನೆಯವರು ಕಾಮರ್ಸ್ ಅಂತಾರೆ. ಓದಬೇಕಾದ ಮಗುವನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಮನೆಗೆ ಭೇಟಿ ಕೊಟ್ಟಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದು ವಿಜ್ಞಾನ ಸೇರಿದ್ದ ಹುಡುಗಿ ದೀಪಾವಳಿ ಹೊತ್ತಿಗೆ ಕಾಲೇಜು ಬಿಟ್ಟು ಬೀಡಿ ಕಟ್ಟುತ್ತಿದ್ದಳು. “ಅವಳ ತಲೆಗೆ ಹತ್ತಲಿಲ್ಲ ಸಿಸ್ಟರ್” ಎಂದರು ತಾಯಿ. ನಾನು ಹುಡುಗಿಯ ದಿನಚರಿ ಕೇಳಿದೆ. ಬೆಳಿಗ್ಗೆ ಐದಕ್ಕೆ ಎದ್ದು ದನದ ಕೆಲಸ, ಡೈರಿಗೆ ಹಾಲು, ತಮ್ಮನಿಗೆ ತಿಂಡಿ, ಏಳೂವರೆಗೆ ಬಸ್ಸು. ಪ್ರಾಕ್ಟಿಕಲ್ ಇದ್ದ ದಿನ ಮನೆ ಮುಟ್ಟುವಾಗ ಕತ್ತಲೆ. ಆಮೇಲೆ ಅಡುಗೆ, ಬೀಡಿ. ಪುಸ್ತಕ ತೆರೆಯುವಾಗ ರಾತ್ರಿ ಹತ್ತು ಗಂಟೆ, ಹತ್ತೂಕಾಲಿಗೆ ನಿದ್ದೆ. ತಲೆಗೆ ಹತ್ತಲಿಲ್ಲ ಅಂತಲ್ಲ, ಓದಲು ಹೊತ್ತೇ ಇರಲಿಲ್ಲ. ಅರ್ಜಿ ತುಂಬಿಸುವಾಗ ನಾನೂ ಅವಳ ಅಂಕ ನೋಡಿದ್ದೆ, ದಿನಚರಿ ಕೇಳಿರಲಿಲ್ಲ.

ಕೋರ್ಸಿನ ಆಯ್ಕೆ ಮತ್ತು ವೇಳಾಪಟ್ಟಿ ಬೇರೆ ಬೇರೆ ಅಲ್ಲ. ಎರಡನ್ನೂ ಒಂದೇ ದಿನ ಕೂತು ನಿಶ್ಚಯಿಸಬೇಕು.

1. ದಾರಿ ತಿಳಿದುಕೊಳ್ಳೋಣ

ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯಗಳು. ಈ ನಾಲ್ಕರ ಮೇಲೆ ಮುಂದಿನ ದಾರಿ ನಿಂತಿದೆ. ಎಂಬಿಬಿಎಸ್‌ಗೆ ಜೀವಶಾಸ್ತ್ರ ಬೇಕೇ ಬೇಕು. ಇಂಜಿನಿಯರಿಂಗಿಗೆ ಭೌತಶಾಸ್ತ್ರ, ಗಣಿತ ಬೇಕು. ಪಿಸಿಎಂಬಿ ತೆಗೆದುಕೊಂಡರೆ ಎರಡೂ ಬಾಗಿಲು ತೆರೆದಿರುತ್ತವೆ, ಆದರೆ ಭಾರವೂ ಹೆಚ್ಚು. ಜೀವಶಾಸ್ತ್ರದ ಬದಲು ಕಂಪ್ಯೂಟರ್ ಇರುವ ಪಿಸಿಎಂಸಿ ತೆಗೆದುಕೊಳ್ಳುವಾಗ, ವೈದ್ಯಕೀಯದ ದಾರಿ ಬಿಡುತ್ತಿದ್ದೇವೆ ಎಂದು ಗೊತ್ತಿರಲಿ.

ಸೈನ್ಸ್ ಇಲ್ಲದಿದ್ದರೆ ಜೀವನವೇ ಇಲ್ಲ ಎಂಬುದು ತಪ್ಪು. ಐದು ವರ್ಷದ ಕಾನೂನು ಪದವಿಗೆ, ಸಿಎ ಫೌಂಡೇಶನ್ ಪರೀಕ್ಷೆಗೆ ಯಾವ ವಿಭಾಗದಲ್ಲಿ ಪಿಯುಸಿ ಮಾಡಿದವರೂ ಹೋಗಬಹುದು. ಐಎಎಸ್, ಕೆಎಎಸ್ ಪರೀಕ್ಷೆಗೆ ಯಾವುದೇ ಪದವಿ ಸಾಕು. ಕೈಕೆಲಸದಲ್ಲಿ ಆಸಕ್ತಿ ಇದ್ದರೆ ಎಸ್ಸೆಸ್ಸೆಲ್ಸಿ ನಂತರ ಐಟಿಐ ಇದೆ, ಮೂರು ವರ್ಷದ ಡಿಪ್ಲೊಮಾ ಇದೆ. ಡಿಪ್ಲೊಮಾ ಮುಗಿಸಿದವರಿಗೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಪ್ರವೇಶಕ್ಕೆ ಅವಕಾಶವಿದೆ.

ಪದವಿಗೆ ಸೇರುವವರು ಅಕ್ಕ–ಅಣ್ಣ ಓದಿದ ಕ್ರಮವನ್ನೇ ನಂಬಬೇಡಿ. ನಮ್ಮ ರಾಜ್ಯದಲ್ಲಿ 2021–22ರಲ್ಲಿ ನಾಲ್ಕು ವರ್ಷದ ಆನರ್ಸ್ ಕ್ರಮ ಬಂತು. 2024–25ರಲ್ಲಿ ಸೇರಿದವರಿಂದ ಮತ್ತೆ ಮೂರು ವರ್ಷವಾಯಿತು. ಕಾಲೇಜಿಗೇ ಹೋಗಿ ಕೇಳಿ. ಫೀಸು ಮಾತ್ರವಲ್ಲ, ಈ ಪ್ರಶ್ನೆಗಳನ್ನೂ ಕೇಳಿ: ತರಗತಿ ಎಷ್ಟು ಗಂಟೆಗೆ ಶುರು? ವಾರಕ್ಕೆ ಎಷ್ಟು ಪ್ರಾಕ್ಟಿಕಲ್? ಕೊನೆಯ ತರಗತಿ ಮುಗಿದ ಮೇಲೆ ನಮ್ಮೂರಿಗೆ ಬಸ್ಸು ಇದೆಯೇ?

2. ಗಂಟೆಯ ಲೆಕ್ಕ ಹಾಕೋಣ

ವಾರಕ್ಕೆ 168 ಗಂಟೆ. ದಿನಕ್ಕೆ 7 ಗಂಟೆ ನಿದ್ದೆ ಎಂದರೆ 49. ಕಾಲೇಜು, ಬಸ್ಸು ಸೇರಿ ದಿನಕ್ಕೆ 10ರಂತೆ ಆರು ದಿನಕ್ಕೆ 60. ಸ್ನಾನ, ಊಟಕ್ಕೆ 14. ಮನೆಕೆಲಸ ದಿನಕ್ಕೆ 2 ಗಂಟೆಯಾದರೆ 14. ಒಟ್ಟು 137, ಉಳಿಯುವುದು 31. ಇದರಲ್ಲಿ 18 ಗಂಟೆ ಓದಿದರೂ ಆಟಕ್ಕೆ, ಗೆಳತಿಯರ ಜೊತೆ ಮಾತಿಗೆ, ವಿಶ್ರಾಂತಿಗೆ 13 ಗಂಟೆ ಇದೆ.

ಮನೆಕೆಲಸ, ಬೀಡಿ ಸೇರಿ ದಿನಕ್ಕೆ 5 ಗಂಟೆಯಾದರೆ? ವಾರಕ್ಕೆ ಉಳಿಯುವುದು 10 ಗಂಟೆ ಮಾತ್ರ. ಓದು, ಆಟ, ವಿಶ್ರಾಂತಿ ಎಲ್ಲ ಅದರಲ್ಲೇ ಆಗಬೇಕು. ಆ ಹುಡುಗಿಗೆ ಆದದ್ದು ಇದೇ.

ಕಷ್ಟದ ವಿಷಯವನ್ನು ತಲೆ ಚುರುಕಾಗಿರುವ ಹೊತ್ತಿಗೆ ಇಡಿ, ಬರೆಯುವ ಕೆಲಸವನ್ನು ದಣಿದ ಹೊತ್ತಿಗೆ. ಪ್ರಾಕ್ಟಿಕಲ್ ಇರುವ ದಿನ ರಾತ್ರಿ ಸ್ವಲ್ಪವೇ ಓದು ಸಾಕು. ನಿದ್ದೆ ಕಡಿಮೆ ಮಾಡಿ ಓದಿಸಬೇಡಿ.

3. ಕೆಲಸ ಹಂಚೋಣ

ಹೊತ್ತಿಲ್ಲ ಅಂತ ಮಗಳಿಗೆ ಸೈನ್ಸ್ ಬಿಡಿಸುವುದು ಪರಿಹಾರವಲ್ಲ. ಅವಳಿಗೆ ಅದೇ ಇಷ್ಟವಿದ್ದರೆ ಮನೆಯ ಕೆಲಸ ಹಂಚಬೇಕು. ತಮ್ಮ ತನ್ನ ತಟ್ಟೆ ತೊಳೆಯಲಿ, ಅಪ್ಪ ಡೈರಿಗೆ ಹಾಲು ಕೊಂಡೊಯ್ಯಲಿ. ಬೀಡಿಯ ಆದಾಯ ಬಿಡಲು ಆಗದ ಮನೆಗಳೂ ಇವೆ, ಗೊತ್ತು. ಅಂಥವರು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡಿ. ಸಂಘದಲ್ಲಿಯೂ ಮಾತಾಡಿ.

ಆ ಹುಡುಗಿ ಮರುವರ್ಷ ಮತ್ತೆ ಕಾಲೇಜಿಗೆ ಹೋದಳು, ವಿಜ್ಞಾನಕ್ಕೇ. ಹಾಲು ಕೊಂಡೊಯ್ಯುವ ಕೆಲಸ ಅಪ್ಪನದಾಯಿತು. ಒಂದು ವರ್ಷ ಮಾತ್ರ ಹೋಯಿತು. ನಿಮ್ಮ ಮನೆಯಲ್ಲಿ ಅದೂ ಹೋಗದಿರಲಿ.

ಸಭೆಯಲ್ಲಿ ಚರ್ಚಿಸಿರಿ:
• ನಮ್ಮ ಮಗ/ಮಗಳಿಗೆ ಯಾವ ವಿಷಯ ಇಷ್ಟ? ಅವರ ಬಾಯಿಂದಲೇ ಕೇಳಿದ್ದೇವೆಯೇ?
• ಮಗನ 168 ಗಂಟೆ, ಮಗಳ 168 ಗಂಟೆ ಬರೆದು ನೋಡಿ. ಯಾರಿಗೆ ಎಷ್ಟು ಉಳಿಯುತ್ತದೆ?
• ಈ ವಾರ ಮಗಳ ಯಾವ ಒಂದು ಕೆಲಸವನ್ನು ಇನ್ನೊಬ್ಬರು ವಹಿಸಿಕೊಳ್ಳುತ್ತಾರೆ? ಹೆಸರು ಬರೆದು ಮುಂದಿನ ಸಭೆಗೆ ತನ್ನಿ.